ನಸೀಮ್ ಬಾನು ಸೇರಿಸಿದ ಅಡಿಟಿಪ್ಪಣಿ

ತಿಪಟೂರಿನಲ್ಲಿ ಎಷ್ಟು ಜನ ಡಾಕ್ಟರೇಟ್ ಮಾಡಿದ್ದಾರೆ ಎಂದು ಕಾಲೇಜಿನವರನ್ನು ಕೇಳಿದರೆ ಸ್ವಲ್ಪ ಯೋಚಿಸಿ ಒಂದು ಸಂಖ್ಯೆ ಹೇಳುತ್ತಾರೆ. ನಸೀಮ್ ಬಾನುವನ್ನು ಕೇಳಿದರೆ ಆಕೆ ಯೋಚಿಸುವುದೇ ಇಲ್ಲ. "ಹದಿನೇಳು," ಎನ್ನುತ್ತಾಳೆ. "ಹದಿನೇಳೂ ನಾನೇ ಮಾಡಿದ್ದು."

ಪೂರಾ ಸುಳ್ಳಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಕಾಂಪ್ಲೆಕ್ಸಿನಲ್ಲಿ, ಮೆಟ್ಟಿಲ ಕೆಳಗೆ, ತಲೆ ತಗ್ಗಿಸಿಯೇ ಒಳಹೋಗಬೇಕಾದ ಒಂದು ಮಳಿಗೆ ಆಕೆಯದು. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ಗಿರಾಕಿಗೆ ಕೂರಲು ಒಂದು ಸ್ಟೂಲು. ಮಾಯಸಂದ್ರದ ಟೈಲರ್ ಒಬ್ಬರ ಮಗಳು. ಹತ್ತನೇ ಕ್ಲಾಸು ಮುಗಿಸಿ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ರಹಮತುಲ್ಲಾನನ್ನು ಮದುವೆಯಾಗಿ ತಿಪಟೂರಿಗೆ ಬಂದಳು. ಮೊದಲು ಟೈಪ್‌ರೈಟರಿನಲ್ಲಿ ಕೋರ್ಟಿನ ಅರ್ಜಿಗಳನ್ನು ಹೊಡೆದಳು. ಅಣ್ಣತಮ್ಮಂದಿರು ಒಂದು ತೆಂಗಿನ ಮರಕ್ಕೆ ಹೇಗೆ ಹೊಡೆದಾಡಬಹುದು ಎಂಬುದು ಆಗಲೇ ಆಕೆಗೆ ತಿಳಿದುಹೋಗಿತ್ತು. ಆಮೇಲೆ ಕಂಪ್ಯೂಟರ್ ಬಂತು, ಕಾಲೇಜಿನ ಮೇಷ್ಟ್ರುಗಳು ಬಂದರು, ಮಹಾಪ್ರಬಂಧಗಳು ಬಂದವು. ಕುರಿಯ ಸಿಡುಬು, ತೆಂಗಿನ ಕಪ್ಪುತಲೆ ಹುಳು, ಗ್ರಾಮಸಭೆಯಲ್ಲಿ ಮಹಿಳೆಯರ ಮೌನ ಎಲ್ಲವೂ ಆಕೆಯ ಬೆರಳ ತುದಿಯಿಂದ ಹಾದುಹೋಗಿವೆ. ಬರೆದವರು ಬರೆದು ಮರೆಯುತ್ತಾರೆ, ಗೈಡುಗಳು ಸಹಿ ಹಾಕಿ ಮರೆಯುತ್ತಾರೆ. ಅಕ್ಷರ ಬಿಡದೆ ಓದುವವಳು ನಸೀಮ್ ಒಬ್ಬಳೇ.

ಹೀಗಿರುವಾಗ ಹದಿನೆಂಟನೆಯ ಡಾಕ್ಟರೇಟ್ ಆಗಬೇಕಿದ್ದ ತೋಂಟದಾರ್ಯ ಬಂದು ಸ್ಟೂಲಿನ ಮೇಲೆ ಕೂತರು.

ತೋಂಟದಾರ್ಯ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕರು. ನಲವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಕೆಡದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರ ವಿಷಯ "ಎರಡು ಮರುಭೂಮಿ ರಾಷ್ಟ್ರಗಳಲ್ಲಿ ಅರಣ್ಯ ನಾಶದ ಆರ್ಥಿಕ ವೆಚ್ಚ: ಒಂದು ತೌಲನಿಕ ಅಧ್ಯಯನ". ರಾಷ್ಟ್ರಗಳು ಯಾವುವೆಂದರೆ ನೈಜರ್ ಮತ್ತು ಮಾರಿಟೇನಿಯ.

"ಅಲ್ಲಿಗೆ ಹೋಗಿದ್ರಾ ಸಾರ್?" ಎಂದು ನಸೀಮ್ ಮೊದಲ ದಿನವೇ ಕೇಳಿದ್ದಳು.

"ನಾನು ಅರಸೀಕೆರೆ ದಾಟೋದೇ ಕಷ್ಟ, ಅಲ್ಲಿಗೆಲ್ಲಿ ಹೋಗ್ಲಿ ನಸೀಮಮ್ಮ? ನಮ್ ಗೈಡು ಹೇಳಿದ್ರು, ಯಾರೂ ಮಾಡದೇ ಇರೋ ವಿಷ್ಯ ತಗೋ, ಯಾರೂ ನೋಡದೇ ಇರೋ ದೇಶ ತಗೋ, ಆಗ ಪ್ರಶ್ನೆ ಕೇಳೋರೂ ಇರಲ್ಲ ಅಂತ."

ಪ್ರಶ್ನೆ ಕೇಳುವವಳು ಎದುರಿಗೇ ಕೂತಿದ್ದಾಳೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ಕೆಟ್ಟವರಲ್ಲ. ಹಾಳೆಗೆ ಇಷ್ಟೆಂದು ಮಾತಾಡಿದ ಹಣವನ್ನು ಬಾಕಿ ಇಡದೆ ಕೊಡುತ್ತಿದ್ದರು, ಟೀ ತರಿಸಿದರೆ ಆಕೆಗೂ ಒಂದು ತರಿಸುತ್ತಿದ್ದರು. ಅವರಿಗಿದ್ದದ್ದು ಎರಡೇ ದೋಷ. ಒಂದು, ಪ್ರೂಫ್ ನೋಡುತ್ತಿರಲಿಲ್ಲ. ಇನ್ನೊಂದು, ತಪ್ಪು ಉಳಿದರೆ ಅದು ಟೈಪಿಂಗಿನವಳದು ಎನ್ನುತ್ತಿದ್ದರು. ಒಂದು ಸಲ ಅವರ ಸಾರಲೇಖದ ರಕ್ಷಾಪುಟದಲ್ಲಿ ರಕಾರದ ಕೊಂಬು ಬಿದ್ದುಹೋಗಿ "ಎರಡು ಮರಭೂಮಿ ರಾಷ್ಟ್ರಗಳಲ್ಲಿ ಅರಣ್ಯ ನಾಶ" ಎಂದಾಯಿತು. ವಿಶ್ವವಿದ್ಯಾಲಯದ ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮರದ ಭೂಮಿಯೇ ಆದಮೇಲೆ ನಾಶ ಎಲ್ಲಿಂದ ಬಂತಪ್ಪ ಎಂದರಂತೆ. ತೋಂಟದಾರ್ಯ ಅಲ್ಲಿಯೇ, "ಟೈಪ್ ಮಾಡೋ ಹೆಂಗಸಿಗೆ ಮರಕ್ಕೂ ಮರುಭೂಮಿಗೂ ವ್ಯತ್ಯಾಸ ತಿಳಿಯಲ್ಲ ಸಾರ್," ಎಂದುಬಿಟ್ಟರು. ಮಾತು ಊರೆಲ್ಲ ಸುತ್ತಿ ನಸೀಮಳ ಕಿವಿಗೂ ಬಿತ್ತು. ಆಕೆ ಅವರ ಕೈಬರಹದ ಹಾಳೆ ತೆಗೆದು ನೋಡಿದಳು. ಕೊಂಬು ಅಲ್ಲಿಯೂ ಇರಲಿಲ್ಲ. ಹಾಳೆಯನ್ನು ಮಡಿಸಿ ಒಳಗಿಟ್ಟಳು. ರಹಮತುಲ್ಲಾನಿಗೆ ಹೆಂಡತಿ ಕೂಗಾಡಿದರೆ ಭಯವಿಲ್ಲ, ಸುಮ್ಮನಾದರೆ ಭಯ. ಆ ರಾತ್ರಿ ಅವನು ಎರಡು ಸಲ, "ಏನಾಯ್ತು?" ಎಂದು ಕೇಳಿ ಮಲಗಿದ.

ಇದಾಗಿ ಎರಡು ತಿಂಗಳಿಗೆ ತಿಪಟೂರಿನಲ್ಲೇ ಒಂದು ರಾಜ್ಯಮಟ್ಟದ ವಿಚಾರ ಸಂಕಿರಣ ಗೊತ್ತಾಯಿತು. ಅಲ್ಲಿ ಮಂಡಿಸುವ ಪ್ರಬಂಧಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವ ಕೆಲಸ ನಸೀಮಳಿಗೇ ಬಂತು. ತೋಂಟದಾರ್ಯ ತಮ್ಮ ಪ್ರಬಂಧ ತಂದುಕೊಟ್ಟರು. ಇಪ್ಪತ್ತೆರಡು ಪುಟ, ಐದು ಕೋಷ್ಟಕ. ಕೊಬ್ಬರಿ ಹರಾಜಿನ ದಿನ ಅದು. ಲಾರಿಗಳ ಸದ್ದಿಗೆ ಮೆಟ್ಟಿಲ ಧೂಳು ಕೀಬೋರ್ಡಿನ ಮೇಲೆ ಉದುರುತ್ತಿತ್ತು. ನಾಲ್ಕನೇ ಕೋಷ್ಟಕಕ್ಕೆ ಬರುವ ಹೊತ್ತಿಗೆ ನಸೀಮಳ ಬೆರಳು ನಿಂತವು.

ಕಾಡು ಹೋದರೆ ದೇಶಕ್ಕೆ ಏನೇನು ನಷ್ಟ ಎಂಬ ಪಟ್ಟಿ ಅದು. ಮರದ ಬೆಲೆ ಇಷ್ಟು, ಕೊಚ್ಚಿಹೋದ ಮಣ್ಣಿನ ಬೆಲೆ ಇಷ್ಟು, ಮೇವು ಇಷ್ಟು, ಗೋಂದು ಇಷ್ಟು. ನೈಜರಿಗೆ ಒಂದು ಅಂಕಿ, ಮಾರಿಟೇನಿಯಕ್ಕೆ ಇನ್ನೊಂದು. ಕಟ್ಟಕಡೆಯ ಸಾಲು: "ಸೌದೆ ಸಂಗ್ರಹಿಸಲು ಮಹಿಳೆಯರು ವ್ಯಯಿಸುವ ಸಮಯ". ಅದರ ಮುಂದೆ ನೈಜರಿಗೂ ಶೂನ್ಯ, ಮಾರಿಟೇನಿಯಕ್ಕೂ ಶೂನ್ಯ. ಇಡೀ ಕೋಷ್ಟಕದಲ್ಲಿ ಎರಡು ದೇಶಗಳು ಜಗಳವಿಲ್ಲದೆ ಒಪ್ಪಿದ್ದು ಅದೊಂದೇ ಸಾಲಿನಲ್ಲಿ.

ಸಂಜೆ ಮೇಷ್ಟ್ರು ಬಂದಾಗ ನಸೀಮ್ ಕೇಳಿದಳು. "ಸಾರ್, ಇಲ್ಲಿ ಸೊನ್ನೆ ಅಂತ ಇದೆಯಲ್ಲ, ಸರಿಯಾ?"

"ಸರಿ. ಅದಕ್ಕೆ ಮಾರ್ಕೆಟ್ ರೇಟ್ ಇಲ್ಲ ನಸೀಮಮ್ಮ. ರೇಟ್ ಇಲ್ಲದ್ದನ್ನ ಅರ್ಥಶಾಸ್ತ್ರದಲ್ಲಿ ಹಿಡಿಯೋಕಾಗಲ್ಲ."

"ಹಂಗಾದ್ರೆ ನಮ್ಮ ನಾನಿ ಮೂವತ್ತು ವರ್ಷ ತಲೆ ಮೇಲೆ ಸೊನ್ನೆ ಹೊತ್ಳಾ ಸಾರ್?"

ಮೇಷ್ಟ್ರು ನಕ್ಕರು. "ನಿಮ್ಮ ನಾನಿ ನೈಜರ್‌ನಲ್ಲಿದ್ರಾ?"

ನಸೀಮಳೂ ನಕ್ಕಳು. ಆದರೆ ಆಕೆಗೆ ಆ ಹೊತ್ತಿನಲ್ಲಿ ಕಂಡದ್ದು ಮಾಯಸಂದ್ರ. ಸುತ್ತ ಎತ್ತ ನೋಡಿದರೂ ತೆಂಗು. ತೋಟವಿದ್ದವರಿಗೆ ಗರಿ ಬೀಳುತ್ತಿತ್ತು, ಇಲ್ಲದವರು ಗರಿ ಬೀಳುವುದನ್ನೇ ನೋಡುತ್ತ ನಿಲ್ಲಬೇಕಿತ್ತು. ನಾನಿ ಬೆಳಗಾಗುವುದರೊಳಗೆ ಬೇಲಿ ಬದಿಗೆ ಹೋಗಿ, ಬಿದ್ದ ಗರಿ, ಒಣ ಮಟ್ಟೆ ಆಯ್ದು, ಮೊಮ್ಮಗಳ ತಲೆಯ ಮೇಲೂ ಒಂದು ಪುಟ್ಟ ಹೊರೆ ಇಡುತ್ತಿದ್ದಳು. ಅದರಿಂದಲೇ ಕುತ್ತಿಗೆ ಗಿಡ್ಡವಾಯಿತು ಎಂದು ನಸೀಮ್ ಇಂದಿಗೂ ನಂಬಿದ್ದಾಳೆ.

"ಪ್ರೂಫ್ ನೋಡಿ ಕೊಡಿ ಸಾರ್," ಎಂದಳು.

"ನೀವೇ ನೋಡ್ಬಿಡಿ. ನಿಮ್ಮ ಮೇಲೆ ನಂಬಿಕೆ ಇದೆ," ಎಂದು ಮೇಷ್ಟ್ರು ಸ್ಕೂಟರ್ ಹತ್ತಿದರು.

ನಂಬಿಕೆ ಇಟ್ಟವರನ್ನು ನಿರಾಸೆಗೊಳಿಸಬಾರದು ಎಂದುಕೊಂಡಳು ನಸೀಮ್.

ಕಾಂಪ್ಲೆಕ್ಸಿನ ಕಸ ಗುಡಿಸಲು ದಿನಾ ಭೈರಮ್ಮ ಬರುತ್ತಿದ್ದಳು. ಊರಾಚೆಯ ಹಟ್ಟಿಯವಳು, ಅರವತ್ತು ದಾಟಿದ್ದಳು, ನಡಿಗೆ ಮಾತ್ರ ಕುದುರೆಯದು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇತ್ತು. ಅದರ ಮೇಲೆ ಒಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದಳು. ನೆಂಟರು ಬಂದರೆ ಕುಂಡ ಇಳಿಸಿ ಕಾಫಿ ಕಾಯಿಸುವುದು, ಮಿಕ್ಕಂತೆ ಒಲೆಯೇ. ಆ ಭಾನುವಾರ ನಸೀಮ್ ಬುರ್ಖಾದ ಮೇಲೊಂದು ಟವೆಲ್ ಸುತ್ತಿಕೊಂಡು, ಕಾಲಿಗೆ ಗಂಡನ ಬೂಟು ಹಾಕಿಕೊಂಡು ಭೈರಮ್ಮನ ಜೊತೆ ಸೌದೆಗೆ ಹೊರಟಳು.

"ನಿಂಗ್ಯಾಕವ್ವ ಈ ಕರ್ಮ?" ಎಂದಳು ಭೈರಮ್ಮ.

"ನಿನ್ನ ಟೈಮ್ ನೋಡಬೇಕಿತ್ತು."

"ನನ್ ಟೈಮು ಚೆನ್ನಾಗಿಲ್ಲ, ಅದನ್ನೇನ್ ನೋಡ್ತೀಯ ಬುಡು."

ದಾರಿಯುದ್ದಕ್ಕೂ ತೋಟಗಳೇ. ಭೈರಮ್ಮ ಒಂದೊಂದನ್ನೂ ತೋರಿಸಿ ಹೇಳುತ್ತ ಹೋದಳು. "ಇವ್ರಜ್ಜ ಇದ್ದಾಗ ಮಟ್ಟೆ ತಗಂಡೋಗೇ ಅಂತ ಅವ್ರೇ ಕರೀತಿದ್ರು. ಈಗ ಮಟ್ಟೆಗೆ ನಾರಿನ ಫ್ಯಾಕ್ಟ್ರಿ ಲಾರಿ ಬತ್ತದೆ. ಚಿಪ್ಪು ಇದ್ದಿಲಿಗೋಯ್ತದೆ. ಗರಿನೂ ಪುಡಿ ಮಾಡಿ ಬುಡಕ್ಕೇ ಆಕ್ಕೋತಾರೆ. ಮರಕ್ಕೆ ಬಂದ ಬುದ್ಧಿ ನಮ್ಗೆ ಬರ್ಲಿಲ್ಲ ನೋಡು." ಕೆರೆ ಅಂಗಳದಲ್ಲಿ ಮೊದಲು ಜಾಲಿಯಿತ್ತು, ಹೋದ ವರ್ಷ ಅದನ್ನೂ ಬುಡಸಮೇತ ಎತ್ತಿಸಿದ್ದರು. ಹಾಗಾಗಿ ಕೆರೆ ದಾಟಿ, ರೈಲು ಕಂಬಿ ದಾಟಿ, ಒಂದು ಗುಡ್ಡದ ಬೋಳು ನೆತ್ತಿಯವರೆಗೂ ನಡೆಯಬೇಕಾಯಿತು. ನಸೀಮ್ ಮೊಬೈಲಿನಲ್ಲಿ ಸಮಯ ನೋಡಿಕೊಂಡಳು. ಹೋಗಿ ಬಂದದ್ದು ಮೂರೂವರೆ ಗಂಟೆ. ರಹಮತುಲ್ಲಾನ ಬೂಟು ಎರಡು ಬೊಬ್ಬೆ ಎಬ್ಬಿಸಿತ್ತು.

ಮಾರನೆಯ ದಿನ ನಾಲ್ಕನೇ ಕೋಷ್ಟಕದ ಎರಡು ಸೊನ್ನೆಗಳ ಮೇಲೂ ಒಂದೊಂದು ಪುಟ್ಟ ನಕ್ಷತ್ರ ಮೂಡಿದವು. ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ:

"ಈ ದೇಶಗಳಲ್ಲಿ ಶೂನ್ಯವೆಂದು ತಿಳಿದುಬಂದಿದೆ. ಆದರೆ ತಿಪಟೂರು ತಾಲ್ಲೂಕಿನಲ್ಲಿ ಒಬ್ಬ ಮಹಿಳೆ ಎರಡು ದಿನಕ್ಕೊಮ್ಮೆ ಮೂರೂವರೆ ಗಂಟೆ ವ್ಯಯಿಸುತ್ತಾಳೆ. ಹೆಣ್ಣಾಳಿನ ಕೂಲಿಯ ಲೆಕ್ಕದಲ್ಲಿ ವರ್ಷಕ್ಕೆ ಮೂವತ್ತೊಂದು ಸಾವಿರದ ಐನೂರು ರೂಪಾಯಿ. ತಲೆನೋವು, ಕುತ್ತಿಗೆನೋವು ಪ್ರತ್ಯೇಕ. (ಭೈರಮ್ಮ, ೨೦೨೪)".

ಹದಿನೇಳು ಮಹಾಪ್ರಬಂಧ ಹೊಡೆದ ಕೈ. ಆಕರವನ್ನು ಆವರಣದಲ್ಲಿ ಹೇಗೆ ಕೂರಿಸಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಊಟದ ಹೊತ್ತಿನಲ್ಲಿ ವಿಷಯ ಕೇಳಿ ರಹಮತುಲ್ಲಾ ತುತ್ತನ್ನು ತಟ್ಟೆಗೇ ಬಿಟ್ಟ. "ಬೇರೆಯವ್ರ ಮೋಟಾರಿಗೆ ಅವ್ರನ್ನ ಕೇಳ್ದೆ ನಮ್ಮ ಸಾಮಾನು ಹಾಕಬಾರ್ದು ಕಣೇ. ಸುಟ್ಟೋದ್ರೆ ನಮ್ ತಲೆಗೇ ಬರುತ್ತೆ."

"ಮೂರು ಸಲ ಪ್ರೂಫ್ ಕಳಿಸ್ತೀನಿ ರೀ. ನೋಡಿದ್ರೆ ತೆಗೀತಾರೆ. ನೋಡ್ದೆ ಇದ್ರೆ ನಾನೇನ್ ಮಾಡ್ಲಿ?"

ಮೂರು ಸಲವೂ "ಓಕೆ" ಎಂದೇ ಉತ್ತರ ಬಂತು. ಮೂರನೆಯ ಸಲ ಜೊತೆಗೊಂದು ಹೆಬ್ಬೆಟ್ಟಿನ ಚಿತ್ರ. ಪುಸ್ತಕ ಅಚ್ಚಾಯಿತು.

ಸಂಕಿರಣದ ದಿನ ನಸೀಮ್ ಪುಸ್ತಕದ ಕಟ್ಟುಗಳನ್ನು ಆಟೋದಲ್ಲಿ ಹಾಕಿಕೊಂಡು ಸಭಾಂಗಣಕ್ಕೆ ಹೋದಳು. ಭೈರಮ್ಮನೂ ಅಲ್ಲಿದ್ದಳು, ಕುರ್ಚಿ ಒರೆಸಿ, ಊಟದ ಎಲೆ ಎತ್ತಲು ಕರೆಸಿದ್ದರು. ಪುಸ್ತಕ ಹಂಚಿ ಹೊರಟುಬಿಡಬೇಕು ಎಂದೇ ನಸೀಮ್ ಬಂದಿದ್ದಳು. ಆದರೆ ಕಾಲು ಏಳಲಿಲ್ಲ. ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತಳು. ಪಕ್ಕದ ಗೋಡೆಗೆ ಪೊರಕೆ ಒರಗಿಸಿ ಭೈರಮ್ಮ ನಿಂತಳು.

ಗೋಷ್ಠಿಯ ಅಧ್ಯಕ್ಷತೆ ಮೈಸೂರಿನಿಂದ ಬಂದಿದ್ದ ಪ್ರೊಫೆಸರ್ ಗುರುಶಾಂತಮ್ಮನವರದು. ಬೆಳ್ಳಿಕೂದಲು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ತೋಂಟದಾರ್ಯ ಪ್ರಬಂಧ ಓದುತ್ತಿದ್ದಷ್ಟು ಹೊತ್ತೂ ಆಕೆ ತಲೆಯೆತ್ತದೆ ಪುಸ್ತಕ ತಿರುವಿದರು. ಪುಟದ ಮೇಲ್ಭಾಗವನ್ನು ಅವರು ನೋಡುತ್ತಲೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಬರೀ ಪುಟದ ಕೆಳಗಿನ ಸಣ್ಣಕ್ಷರವನ್ನೇ ಓದುತ್ತಿದ್ದರು. ಅಡಿಟಿಪ್ಪಣಿ ಓದುವ ಇನ್ನೊಂದು ಪ್ರಾಣಿಯನ್ನು ನಸೀಮ್ ಜೀವನದಲ್ಲಿ ಮೊದಲ ಸಲ ನೋಡಿದ್ದು ಅಂದು.

ಚಪ್ಪಾಳೆ ಮುಗಿಯಿತು. ಗುರುಶಾಂತಮ್ಮ ಮೈಕು ಎಳೆದುಕೊಂಡರು.

"ತೋಂಟದಾರ್ಯ ಅವರೇ, ಪ್ರಬಂಧ ಸುಮಾರಾಗಿದೆ. ಆದರೆ ನಾಲ್ಕನೇ ಕೋಷ್ಟಕದ ಅಡಿಟಿಪ್ಪಣಿ ಬಹಳ ಚೆನ್ನಾಗಿದೆ. ಇಪ್ಪತ್ತೆರಡು ಪುಟದಲ್ಲಿ ನಿಮ್ಮದು ಅನ್ನೋ ಮಾಹಿತಿ ಇರೋದು ಅಲ್ಲೊಂದೇ. ಈ ಭೈರಮ್ಮ ಅನ್ನೋರು ಯಾರು? ಯಾವ ವಿಶ್ವವಿದ್ಯಾಲಯ?"

ಮೇಷ್ಟ್ರು ಪುಟ ತಿರುವಿದರು. ಮತ್ತೆ ತಿರುವಿದರು. ಹಣೆಯ ವಿಭೂತಿ ಕರಗಿ ಹುಬ್ಬಿಗಿಳಿಯಿತು. ಆಗಲಾದರೂ "ಗೊತ್ತಿಲ್ಲ ಮೇಡಂ" ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಅವರು... ಧಾರವಾಡದ ಕಡೆಯೋರು ಮೇಡಂ," ಎಂದರು. "ಹಿರಿಯ ವಿದ್ವಾಂಸರು. ಈ ವಿಷಯದಲ್ಲಿ ಆಳವಾಗಿ ಕೆಲಸ ಮಾಡಿದಾರೆ."

ನಸೀಮ್ ಬುರ್ಖಾದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ನಗು ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. ಈ ಮನುಷ್ಯ ಇಷ್ಟು ಸಲೀಸಾಗಿ ಹಳ್ಳಕ್ಕೆ ಇಳಿಯುತ್ತಾರೆಂದು ಆಕೆ ಎಣಿಸಿರಲಿಲ್ಲ. ಗುಟ್ಟಾಗಿ ಕಚಗುಳಿ ಇಡೋಣ ಎಂದುಕೊಂಡರೆ ಇಡೀ ಸಭೆಯೆದುರು ಪಂಚೆ ಬಿಚ್ಚಿದಂತಾಗುತ್ತಿತ್ತು. ಎದ್ದು ಹೋಗಿ ತಪ್ಪು ತನ್ನದು ಎನ್ನಲೇ ಎಂದು ಅರ್ಧ ಎದ್ದಳು. ಅಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

"ಅಮ್ಮಾವ್ರೇ, ಭೈರಮ್ಮ ಅಂದ್ರೆ ನಾನೇ ಕಣ್ರವ್ವ. ಧಾರ್ವಾಡ ನಾನ್ ನೋಡಿಲ್ಲ. ಒಂದ್ಸಲ ಚಿಕ್ಕನಾಯ್ಕನಳ್ಳಿಗೆ ಓಗಿದ್ದೆ, ಕಣ್ಣಾಪ್ರೇಸನ್‌ಗೆ."

ಸಭೆ ಪೂರ್ತಿ ತಿರುಗಿತು. ಭೈರಮ್ಮನಿಗೆ ಅಂಜಿಕೆಯೇನೂ ಇರಲಿಲ್ಲ. ತನ್ನ ಹೆಸರು ಕರೆದರು, ತಾನು ಓಗೊಟ್ಟಳು, ಅಷ್ಟೇ.

ಗುರುಶಾಂತಮ್ಮ ಕನ್ನಡಕ ತೆಗೆದರು. "ಬನ್ನಿ ಮುಂದೆ. ಈ ಮೂರೂವರೆ ಗಂಟೆ ಅನ್ನೋದು ನಿಮ್ಮ ಲೆಕ್ಕಾನಾ?"

"ನನ್ದಲ್ಲ, ಬಾನವ್ವಂದು. ಅಗೋ, ಅಲ್ಲಿ ಬಾಯ್ ಮುಚ್ಕಂಡ್ ಕೂತವ್ಳೆ. ನನ್ ಕೂಡೆ ಬಂದಿದ್ಲು, ಮೊಬೈಲಲ್ಲಿ ಟೈಮ್ ನೋಡ್ತಿದ್ಲು. ಆದ್ರೆ ಲೆಕ್ಕ ಸರಿಯಿಲ್ಲ ಕಣ್ರವ್ವ. ಅವತ್ತು ಅವ್ಳಿದ್ಲು ಅಂತ ಹೊರೆ ಸಣ್ಣದ್ ಕಟ್ಟಿದ್ದೆ. ಬ್ಯಾರೆ ದಿನ ಆದ್ರೆ ನಡುವೆ ಎಲ್ಡ್ ಸಲ ಇಳಿಸ್ಬೇಕು. ಎತ್ಕೊಡೋರು ಸಿಗೋಗಂಟ ಕಾಯ್ಬೇಕು. ಅದನ್ನ ಇವ್ಳು ಬರ್ದೇ ಇಲ್ಲ."

ಎಲ್ಲರೂ ನಕ್ಕರು. ಗುರುಶಾಂತಮ್ಮ ನಗಲಿಲ್ಲ, ಪೆನ್ನು ತೆಗೆದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಇನ್ನೂ ಹತ್ತು ನಿಮಿಷ ಭೈರಮ್ಮನನ್ನೇ ಕೇಳಿದರು: ಮೊದಲು ಎಷ್ಟು ದೂರ, ಈಗ ಎಷ್ಟು, ಗ್ಯಾಸ್ ಬಂದಾಗಿನಿಂದ ಹೇಗೆ. ಕೊನೆಗೆ ತೋಂಟದಾರ್ಯರ ಕಡೆ ತಿರುಗಿ, "ನೀವು ಎರಡು ದೇಶ ಹೋಲಿಸಿದ್ದೀರಿ. ಆ ಎರಡು ಸೊನ್ನೆ ಎಲ್ಲಿಂದ ಬಂದವು ಅನ್ನೋದನ್ನ ನೀವೇ ಯೋಚನೆ ಮಾಡಿ. ಆರು ವಾರದಲ್ಲಿ ತಿದ್ದಿ ನನಗೆ ಕಳಿಸಿ, ಓದ್ತೀನಿ," ಎಂದರು.

ಮೂರು ದಿನ ಮೇಷ್ಟ್ರು ಮಳಿಗೆಯ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಬಂದು, ಸ್ಟೂಲಿನ ಮೇಲೆ ಕೂರದೆ, ಬಾಗಿಲಲ್ಲಿ ಬಗ್ಗಿಯೇ ನಿಂತರು.

"ಮರ್ಯಾದೆ ಕಳೆದ್ರಿ ನಸೀಮಮ್ಮ."

"ಹೌದು ಸಾರ್. ತಪ್ಪಾಯ್ತು." ಆಕೆ ಮನಸಾರೆ ಹೇಳಿದಳು. "ನಿಮ್ಮನ್ನ ಕೇಳಿ ಹಾಕಬೇಕಿತ್ತು. ಆದ್ರೆ ಕೇಳಿದ್ರೆ ನೀವು ಬೇಡ ಅಂತಿದ್ರಿ."

"ಅಂತಿದ್ದೆ," ಎಂದರು ಮೇಷ್ಟ್ರು. ಬಗ್ಗಿ ನಿಂತ ಬೆನ್ನು ನೋಯಿತೋ, ಕೋಪ ಮುಗಿಯಿತೋ, ಸ್ಟೂಲು ಎಳೆದು ಕೂತರು. "ಧಾರವಾಡ ಅಂತ ಹೇಳು ಅಂತ ನೀವೇನೂ ಹೇಳಿಕೊಟ್ಟಿರ್ಲಿಲ್ಲ ಬಿಡಿ."

ಹುಡುಗರು ಆಗಲೇ ಕಾಲೇಜಿನಲ್ಲಿ ಅವರಿಗೆ 'ಧಾರವಾಡ' ಎಂದು ಹೆಸರಿಟ್ಟಿದ್ದರು. ಅದನ್ನು ಅವರೇ ಹೇಳಿದರು, ಅರ್ಧ ಅಳುತ್ತ ಅರ್ಧ ನಗುತ್ತ. ಆಮೇಲೆ ಆ ಎರಡು ಸೊನ್ನೆಗಳ ಹುಟ್ಟನ್ನೂ ಹೇಳಿದರು. ಇಂಟರ್ನೆಟ್ಟಿನಲ್ಲಿ ಸಿಕ್ಕ ವರದಿಯಲ್ಲಿ ಆ ಜಾಗ ಖಾಲಿ ಇತ್ತಂತೆ. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಇವರೇ ಸೊನ್ನೆ ಬರೆದರಂತೆ.

"ಈಗೇನ್ ಮಾಡ್ತೀರಿ ಸಾರ್?"

"ಖಾಲಿ ಬಿಡ್ತೀನಿ. 'ಯಾರೂ ಕೇಳಿಲ್ಲ' ಅಂತ ಕೆಳಗೆ ಬರೀತೀನಿ. ಆಮೇಲೆ..." ಮೇಷ್ಟ್ರು ಜೇಬಿನ ಪೆನ್ನುಗಳನ್ನು ಸರಿಮಾಡಿಕೊಂಡರು. "ಭೈರಮ್ಮ ಮತ್ತೆ ಯಾವತ್ತು ಹೋಗ್ತಾರೆ?"

ಶನಿವಾರ ಬೆಳಿಗ್ಗೆ ಮೂವರೂ ಹೊರಟರು. ಮೇಷ್ಟ್ರು ಇಸ್ತ್ರಿ ಅಂಗಿಯಲ್ಲಿಯೇ ಬಂದಿದ್ದರು. ಹೋಗುವಾಗ ನೋಟ್‌ಬುಕ್ಕಿನಲ್ಲಿ ಏನೇನೋ ಗೀಚುತ್ತ ಹೆಜ್ಜೆ ಎಣಿಸಿದರು. ಬರುವಾಗ, ಪುಸ್ತಕ ನಸೀಮಳ ಕೈಗೆ ಕೊಟ್ಟು, "ನನ್ನ ತಲೆ ಮೇಲೂ ಒಂದು ಇಡಿ," ಎಂದರು. ಭೈರಮ್ಮ ತನ್ನ ಹಳೆ ಸೀರೆಯ ಚೂರನ್ನು ಸಿಂಬೆ ಸುತ್ತಿ ಅವರ ತಲೆಗಿಟ್ಟಳು, ಹೊರೆ ಏರಿಸಿದಳು. ಮೊದಲ ನೂರು ಹೆಜ್ಜೆ ಮೇಷ್ಟ್ರು ಮಾತಾಡಿದರು. ಆಮೇಲಿನ ನೂರು ಹೆಜ್ಜೆ ಬರೀ ಉಸಿರಾಡಿದರು. ರೈಲು ಕಂಬಿಯ ಹತ್ತಿರ ಹೊರೆ ಒಂದು ಕಡೆ, ಸಿಂಬೆ ಇನ್ನೊಂದು ಕಡೆ, ಮೇಷ್ಟ್ರು ನಡುವೆ ಕೂತಿದ್ದರು. ಗೂಡ್ಸ್ ರೈಲೊಂದು ಹೋಗುವವರೆಗೂ ಯಾರೂ ಏಳುವಂತಿರಲಿಲ್ಲ.

ಭೈರಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದಳು. "ಅಲ್ಲಾ ಸಾ, ಆ ದೇಸದ ಹೆಂಗಸ್ರೂ ತಲೆಗೆ ಸಿಂಬೆ ಇಟ್ಕತಾರಾ?"

ತೋಂಟದಾರ್ಯ ಬಾಯಿ ತೆರೆದರು. ನಸೀಮ್ ಅವರ ಮುಖವನ್ನೇ ನೋಡುತ್ತಿದ್ದಳು. ಅವರು, "ಗೊತ್ತಿಲ್ಲ ಭೈರಮ್ಮ," ಎಂದರು.

ಜೇಬಿನಿಂದ ಫೋನು ತೆಗೆದು ಹುಡುಕಿದರು. ಗುಡ್ಡದ ಕಡೆ ಸಿಗ್ನಲ್ ನಿಧಾನ. ಕೈ ಮೇಲೆತ್ತಿ ಹಿಡಿದು ಕಾದರು. ಕೊನೆಗೊಂದು ಚಿತ್ರ ಮೂಡಿತು. ಕೆಂಪು ಮರಳು, ಹಿಂದೆ ಒಂದು ಒಣಗಿದ ಮುಳ್ಳುಮರ, ಬಣ್ಣದ ಬಟ್ಟೆ ಸುತ್ತಿಕೊಂಡ ಎತ್ತರದ ಹೆಂಗಸು, ತಲೆಯ ಮೇಲೆ ಕಡ್ಡಿಗಳ ಹೊರೆ. ನೈಜರ್ ಎಂದು ಕೆಳಗೆ ಬರೆದಿತ್ತು. ಭೈರಮ್ಮ ಫೋನು ಈಸಿಕೊಂಡು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು, ಒಮ್ಮೆ ಓರೆಯಾಗಿಯೂ ನೋಡಿದಳು.

"ಹೊರೆ ಕಟ್ಟಿರೋದು ಸಡ್ಲ ಆಗದೆ ಕಣವ್ವ," ಎಂದಳು ನಸೀಮಳಿಗೆ. "ಇನ್ನರ್ಧ ಮೈಲಿಗೆ ಜಾರ್ತದೆ. ಯಾರಾನಾ ಹೇಳ್ಬಾರ್ದಾ ಅವ್ಳಿಗೆ?"